ದೇವಳಾಲಿಯ ತಾಪ



ಒಲ್ಲೆ ಒಲ್ಲೆ ಎನ್ನುವ ಹುಡುಗನನ್ನು ಸೈನ್ಯಕ್ಕೆ ಸೇರಿಸಿ ಪ್ರೇಕ್ಷಕರನ್ನು ನಗಿಸುವುದು ಬ್ರಿಟಿಷ್ ಚಿತ್ರರಂಗದ ಹಳೆಯ ಚಾಳಿ. 1958ರ ‘ಕ್ಯಾರಿ ಆನ್ ಸಾರ್ಜೆಂಟ್’ ಚಿತ್ರದಲ್ಲಿ ಮದುವೆಯ ದಿನವೇ ಮದುಮಗನಿಗೆ ಸೇನೆಯ ಕರೆ ಬರುತ್ತದೆ. ಮದುಮಗಳೇನು ಕಡಿಮೆಯೇ? ಅದೇ ಶಿಬಿರದ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿಬಿಡುತ್ತಾಳೆ! ಇಂಥದೇ ನಗುವಿನ ಇನ್ನೊಂದು ಬೇರು ಇರುವುದು ನಮ್ಮ ನಾಸಿಕದ ಪಕ್ಕದಲ್ಲಿ, ದೇವಳಾಲಿಯಲ್ಲಿ.

1861ರಲ್ಲಿ ಅಲ್ಲಿ ಬ್ರಿಟಿಷ್ ಸಿಪಾಯಿಗಳ ತಂಗುಶಿಬಿರ ಶುರುವಾಯಿತು. ಸೇವೆ ಮುಗಿಸಿದವರು ಊರಿಗೆ ಮರಳಲು ಹಡಗಿಗಾಗಿ ಇಲ್ಲೇ ಕಾಯಬೇಕು. ಹಡಗುಗಳೋ ಚಳಿಗಾಲದಲ್ಲಿ ಮಾತ್ರ. ಅಕಾಲದಲ್ಲಿ ಬಂದವನಿಗೆ ತಿಂಗಳುಗಟ್ಟಲೆ ಬಿಸಿಲು, ಸೊಳ್ಳೆ, ಸಾರಾಯಿ. ಮಾಡಲು ಮಾತ್ರ ಕೆಲಸವಿಲ್ಲ. ಹಲವರಿಗೆ ತಲೆ ಕೆಟ್ಟಿತು. ಅದಕ್ಕೆ ಸಿಪಾಯಿಗಳು ಇಟ್ಟ ಹೆಸರು ‘ಡೂಲ್ಯಾಲಿ ತಪ್’. ತಪ್ ಎಂದರೆ ಹಿಂದೂಸ್ತಾನಿಯಲ್ಲಿ ಜ್ವರ, ನಮ್ಮ ‘ತಾಪ’ದ ನೆಂಟ. ಇಂಗ್ಲಿಷಿನಲ್ಲಿ ಇಂದಿಗೂ ಬುದ್ಧಿ ಕೆಟ್ಟವನನ್ನು ‘ಡೂಲ್ಯಾಲಿ’ ಎನ್ನುತ್ತಾರೆ.

ಎರಡನೇ ಮಹಾಯುದ್ಧ ಬಂತು. 1939ರ ಕಾಯ್ದೆ 18ರಿಂದ 41 ವಯಸ್ಸಿನ ಬ್ರಿಟಿಷ್ ಗಂಡಸರಿಗೆ ಸೇನಾಸೇವೆ ಕಡ್ಡಾಯ ಮಾಡಿತು. ಹಾಗೆ ಸೇನೆಗೆ ಸೇರಿದವರಲ್ಲಿ ಜಿಮ್ಮಿ ಪೆರ್ರಿಯೂ ಒಬ್ಬ. ನಟನಾಗುವ ಹುಚ್ಚಿನ ಈ ಹುಡುಗ ಫಿರಂಗಿ ದಳದ ಜೊತೆ ಬರ್ಮಾಕ್ಕೆ ಹೋಗಿ, ಕೊನೆಗೆ ದೇವಳಾಲಿಯ ಸೈನಿಕ ರಂಜನಾ ತಂಡ ಸೇರಿದ. ಆ ನೆನಪಿನಿಂದಲೇ ಡೇವಿಡ್ ಕ್ರಾಫ್ಟ್ ಜೊತೆಗೂಡಿ ಬಿಬಿಸಿಗೆ ‘ಇಟ್ ಏಂಟ್ ಹಾಫ್ ಹಾಟ್ ಮಮ್’ ಎಂಬ ಹಾಸ್ಯಧಾರಾವಾಹಿ ಬರೆದ. 1974ರಿಂದ 1981ರವರೆಗೆ 56 ಕಂತು! ಸಿಪಾಯಿಗಳಿಗೆ ಒಂದೇ ಚಿಂತೆ: ನಾಟಕ ನಿಲ್ಲಬಾರದು, ನಿಂತರೆ ಯುದ್ಧಭೂಮಿಗೆ ಹೋಗಬೇಕು. ಸಾರ್ಜೆಂಟ್ ಮೇಜರ್‌ಗೂ ಒಂದೇ ಚಿಂತೆ, ಇವರನ್ನು ಗಂಡಸರನ್ನಾಗಿ ಮಾಡುವುದು. ಶಿಬಿರದಲ್ಲಿ ಹೆಂಗಸರಿಲ್ಲದೆ ರಂಗದ ಮೇಲಿನ ಶೃಂಗಾರಕ್ಕೂ ಗಂಡಸೇ ಫ್ರಾಕು ತೊಡಬೇಕು. ನಮ್ಮ ಕಂಪನಿ ನಾಟಕ ಕಂಡವರಿಗೆ ಇದು ಹೊಸದೇನಲ್ಲ ಬಿಡಿ. ನಟರಾದ ವಿಂಡ್ಸರ್ ಡೇವಿಸ್ ಮತ್ತು ಡಾನ್ ಎಸ್ಟೆಲ್ ಹಾಡಿದ ಹಾಡೊಂದು 1975ರಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಇಷ್ಟೆಲ್ಲ ನಕ್ಕ ಮೇಲೂ ಒಂದು ಮುಳ್ಳು ಚುಚ್ಚುತ್ತದೆ. ‘ನಾವು ಬ್ರಿಟಿಷರು’ ಎಂದು ಬೀಗುವ ಸೇವಕ ರಂಗಿ ರಾಮ್‌ನ ಪಾತ್ರ ಮಾಡಿದ್ದು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಮೈಕೇಲ್ ಬೇಟ್ಸ್. ಆತ ಹುಟ್ಟಿದ್ದು ಝಾನ್ಸಿಯಲ್ಲಿ, ಬರ್ಮಾದಲ್ಲಿ ಗೂರ್ಖಾ ಪಡೆಯ ಅಧಿಕಾರಿಯಾಗಿದ್ದವನು, ಹಿಂದೂಸ್ತಾನಿ ಬಲ್ಲವನು. ಆದರೂ ಬಣ್ಣ ಬಣ್ಣವೇ. ಚಹಾ ಮಾರುವವನ, ಪಂಖಾ ಎಳೆಯುವವನ ಪಾತ್ರಗಳು ದಕ್ಷಿಣ ಏಷ್ಯಾ ಮೂಲದ ನಟರಿಗೆ ಸಿಕ್ಕವು. ಆದರೆ ಆ ಧಾರಾವಾಹಿಯಲ್ಲಿ ಭಾರತೀಯ ಸಿಪಾಯಿಗೆ ಜಾಗವಿದ್ದದ್ದು ಅಷ್ಟಕ್ಕಷ್ಟೆ. ಕಡ್ಡಾಯದ ಕಾಯ್ದೆ ಇಲ್ಲದೆಯೂ ಆ ಯುದ್ಧಕ್ಕೆ ಸೇರಿದ ಭಾರತೀಯರು ಸುಮಾರು 25 ಲಕ್ಷ. ಅವರಲ್ಲಿ ಎಷ್ಟು ಮಂದಿ ಮನಸಾರೆ ಹೋದರು, ಎಷ್ಟು ಮಂದಿ ಹೊಟ್ಟೆಪಾಡಿಗೆ ಹೋದರು ಎಂಬುದು ಹಾಸ್ಯಕ್ಕೆ ಒಗ್ಗುವ ವಿಷಯವಲ್ಲ.

ಬಿಬಿಸಿ ಈಗ ಈ ಧಾರಾವಾಹಿಯನ್ನು ತನ್ನ ವಾಹಿನಿಗಳಲ್ಲಿ ಮರುಪ್ರಸಾರ ಮಾಡುವುದಿಲ್ಲ. 2016ರಲ್ಲಿ ತೀರಿಕೊಂಡ ಪೆರ್ರಿ ಮಾತ್ರ ಅದನ್ನು ಕೊನೆಯವರೆಗೂ ಸಮರ್ಥಿಸಿಕೊಂಡ. ದೇವಳಾಲಿಯಲ್ಲಿ ಇವತ್ತು ಭಾರತೀಯ ಸೇನೆಯ ಫಿರಂಗಿ ತರಬೇತಿ ಶಾಲೆಯಿದೆ. ಅಲ್ಲಿಗೆ ಹೋಗುವವರು ಸ್ವಇಚ್ಛೆಯಿಂದ ಸೇನೆ ಸೇರಿದವರು.