ಗುಂಪು, ಅಟ್ಟ, ಚಂದಾದಾರ: ಧಾರವಾಡದ ಗೆಳೆಯರ ಪುಸ್ತಕಗಳ ಬಗ್ಗೆ ಒಂದು ಟಿಪ್ಪಣಿ

ಧಾರವಾಡದ ಲೇಖಕರ ಕೂಟವಾದ 'ಗೆಳೆಯರ ಗುಂಪಿ'ನ ಪ್ರಸ್ತಾಪ ಬಂದಲ್ಲೆಲ್ಲ ಅದರ ಬೆನ್ನಿಗೇ ಒಂದು ಪ್ರಶಸ್ತಿಪಟ್ಟಿಯೂ ಬರುತ್ತದೆ. 1956ರಲ್ಲಿ ರಂ.ಶ್ರೀ. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ, 1958ರಲ್ಲಿ ಬೇಂದ್ರೆಯವರ 'ಅರಳು ಮರಳು' ಸಂಕಲನಕ್ಕೆ, 1960ರಲ್ಲಿ ವಿ.ಕೃ. ಗೋಕಾಕರ 'ದ್ಯಾವಾ ಪೃಥಿವೀ'ಗೆ, 1970ರಲ್ಲಿ ಶಂ.ಬಾ. ಜೋಶಿಯವರ 'ಕರ್ಣಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಬೇಂದ್ರೆಯವರಿಗೆ 1973ರ, ಗೋಕಾಕರಿಗೆ 1990ರ ಜ್ಞಾನಪೀಠ. ಒಂದೇ ಊರಿನ ಒಂದೇ ಗೆಳೆತನದಿಂದ ಇಷ್ಟೆಲ್ಲ ಬಂತೆಂದು ಹೇಳಿ ಲೇಖನ ಮುಗಿಸುವುದು ರೂಢಿಯಾಗಿಬಿಟ್ಟಿದೆ.

ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದರ ಇಸವಿಗಳನ್ನು ಗುಂಪಿನ ಇಸವಿಗಳ ಪಕ್ಕ ಇಟ್ಟು ನೋಡಬೇಕು. ಗುಂಪು ಹುಟ್ಟಿದ್ದು 1920ರ ದಶಕದ ಮೊದಲ ವರ್ಷಗಳಲ್ಲಿ. 1930ರ ದಶಕದ ನಡುವಿಗೆ ಬರುವಷ್ಟರಲ್ಲಿ ಅದರ ಮುಖ್ಯರು ಊರು ಬಿಟ್ಟು ಹೋಗತೊಡಗಿದ್ದರು. ಗೋಕಾಕರು ಪುಣೆಗೆ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದರು. ಮುಗಳಿಯವರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜು ಸೇರಿದರು. ಬೇಂದ್ರೆಯವರು ಮುಂದೆ 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಹೋಗಿ 1956ರವರೆಗೆ ಅಲ್ಲೇ ಇದ್ದರು. ಅಂದರೆ ಮೊದಲ ಪ್ರಶಸ್ತಿ ಬರುವ ಹೊತ್ತಿಗೆ ಗುಂಪು ಚದುರಿ ಎರಡು ದಶಕ ಕಳೆದಿತ್ತು. ಗುಂಪಿನ ನಿಜವಾದ ಪ್ರಕಟಣೆಯ ಯಶಸ್ಸನ್ನು ಅಳೆಯಬೇಕಾದದ್ದು 1922 ಮತ್ತು 1940ರ ನಡುವೆ. ಆ ಕಾಲದಲ್ಲಿ ಒಂದು ಕವಿತೆ, ಒಂದು ಕಾದಂಬರಿ ಅಚ್ಚಿನ ಮನೆಗೆ ಹೇಗೆ ಹೋಯಿತು, ಅದರ ಹಣ ಎಲ್ಲಿಂದ ಬಂತು, ಕೊಂಡವರು ಯಾರು ಎಂಬ ಪ್ರಶ್ನೆಗಳ ಸುತ್ತ ಈ ಟಿಪ್ಪಣಿ ಇದೆ.

ಮೊದಲು 'ಸದಸ್ಯ' ಎಂಬ ಮಾತನ್ನು ಇಲ್ಲಿ ಯಾವ ಅರ್ಥದಲ್ಲಿ ಬಳಸಿದ್ದೇನೆ ಎಂಬುದು. ಬೇಂದ್ರೆ, ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ, ಎನ್ಕೆ, ಜಿ.ಬಿ. ಜೋಶಿ — ಈ ಹೆಸರುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಇವರಾಚೆಗೆ ಪಟ್ಟಿ ಬರೆಯುವವರ ಪ್ರೀತಿಗೆ ತಕ್ಕಂತೆ ಅದು ಉದ್ದವಾಗುತ್ತ ಹೋಗುತ್ತದೆ. ಧಾರವಾಡಕ್ಕೆ ಒಮ್ಮೆ ಬಂದು ಬೇಂದ್ರೆಯವರ ಮನೆಯಲ್ಲಿ ಚಹಾ ಕುಡಿದವರನ್ನೆಲ್ಲ ಗುಂಪಿಗೆ ಸೇರಿಸಿದರೆ ಅರ್ಧ ಕರ್ನಾಟಕವೇ ಸದಸ್ಯವಾದೀತು. ಶ್ರೀರಂಗರಂಥವರು ಅದೇ ಊರಿನಲ್ಲಿದ್ದು, ಇದೇ ಗೆಳೆಯರ ಪ್ರಕಾಶನದಿಂದ ಪುಸ್ತಕ ತಂದರೂ ಬೇರೆಯದೇ ಜಾಡಿನವರು. ಅವರನ್ನು ಇಲ್ಲಿ ಸದಸ್ಯರೆಂದು ಎಣಿಸಿಲ್ಲ.

ಬೇಂದ್ರೆಯವರ ಪುಸ್ತಕಗಳ ಇಸವಿಗಳೇ ಸಾಕಷ್ಟು ಹೇಳುತ್ತವೆ. 'ಕೃಷ್ಣಕುಮಾರಿ' 1922ರದು. ಅದಾದ ಮೇಲೆ 'ಗರಿ' ಬರಲು ಹತ್ತು ವರ್ಷ ಬೇಕಾಯಿತು: 1932. ಈ ಹತ್ತು ವರ್ಷ ಕವಿ ಸುಮ್ಮನಿರಲಿಲ್ಲ. ಗುಂಪಿನ ಕೂಟಗಳಲ್ಲಿ ಓದುತ್ತಿದ್ದರು, ಹಾಡುತ್ತಿದ್ದರು, ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. 'ಸ್ವಧರ್ಮ' ಅವರ ಕೈಯಲ್ಲೇ ಇದ್ದ ಪತ್ರಿಕೆ. 1922ರಲ್ಲಿ ಆಲೂರ ವೆಂಕಟರಾಯರು ಆರಂಭಿಸಿದ 'ಜಯಕರ್ನಾಟಕ'ದ ಸಂಪಾದನೆಯಲ್ಲಿ ಬೆಟಗೇರಿ ಕೃಷ್ಣಶರ್ಮರು ದುಡಿದರು. ಹೀಗಾಗಿ ಕವಿತೆಗೆ ಅಚ್ಚು ಸಿಗುತ್ತಿತ್ತು, ಪುಸ್ತಕಕ್ಕೆ ಸಿಗುತ್ತಿರಲಿಲ್ಲ. ಪತ್ರಿಕೆಯ ಸಂಪಾದಕನೇ ಗೆಳೆಯನಾಗಿದ್ದರೆ ಬಿಡಿ ಕವಿತೆ ತಿಂಗಳೊಪ್ಪತ್ತಿನಲ್ಲಿ ಓದುಗನ ಕೈ ಸೇರುತ್ತದೆ. ನೂರು ಪುಟದ ಸಂಕಲನಕ್ಕೆ ಕಾಗದ, ಮೊಳೆ ಜೋಡಿಸುವ ಕೂಲಿ, ರಟ್ಟಿನ ಕಟ್ಟು — ಎಲ್ಲಕ್ಕೂ ಮುಂಗಡ ಹಣ ಬೇಕು. ಶಾಲಾ ಮಾಸ್ತರರ ಗುಂಪಿನಲ್ಲಿ ಅದು ಇರುವ ಸಂಭವ ಕಡಿಮೆ.

ಹಳೆ ಮೈಸೂರಿನ ಸ್ಥಿತಿ ಇದಕ್ಕಿಂತ ಬೇರೆ. ಅಲ್ಲಿ 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಬಂದಿದ್ದವು. ಅರಸರ ಆಶ್ರಯವಿತ್ತು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಆಡಳಿತಕ್ಕೂ ಓದಿಗೂ ಮರಾಠಿಯ ಒತ್ತಡವಿತ್ತು. ಕನ್ನಡ ಪುಸ್ತಕಕ್ಕೆ ಸರಕಾರದಿಂದ ಆಸರೆ ಸಿಗುವಂತಿರಲಿಲ್ಲ. 1890ರಲ್ಲೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ, 1896ರಿಂದ ಅದು 'ವಾಗ್ಭೂಷಣ' ನಡೆಸಿದ್ದೂ ಈ ಕೊರತೆಯನ್ನು ತುಂಬಲೆಂದೇ. ಗುಂಪಿನವರು ಬರೆಯಲು ಕುಳಿತಾಗ ಆ ಊರಿನಲ್ಲಿ ಸಾರ್ವಜನಿಕ ವರ್ಗಣಿಯಿಂದ ಕನ್ನಡದ ಕೆಲಸ ನಡೆಸುವ ಅಭ್ಯಾಸಕ್ಕೆ ಆಗಲೇ ಒಂದು ತಲೆಮಾರಿನ ವಯಸ್ಸಾಗಿತ್ತು.

ಇಲ್ಲಿ ನಾಡಹಬ್ಬವನ್ನೂ ಸೇರಿಸಿ ನೋಡಬೇಕು. 1926ರಲ್ಲಿ ಬೇಂದ್ರೆ ಮತ್ತು ಗೆಳೆಯರು ನವರಾತ್ರಿಯಲ್ಲಿ ಆರಂಭಿಸಿದ ಈ ಆಚರಣೆ ಉತ್ತರ ಕರ್ನಾಟಕದ ಊರೂರಿಗೆ ಹಬ್ಬಿತು. ಭಾಷಣ, ಹಾಡು, ಕಾವ್ಯವಾಚನ ಕೇಳಲು ಜನ ಸೇರಿದರು. ಸಾಹಿತ್ಯಚರಿತ್ರೆಗಳು ಇದನ್ನು ಏಕೀಕರಣದ ಅಧ್ಯಾಯದಲ್ಲಿ ಇಟ್ಟು ಮುಂದೆ ಹೋಗುತ್ತವೆ. ಪ್ರಕಾಶನದ ಇತಿಹಾಸದಲ್ಲೂ ಅದಕ್ಕೆ ಜಾಗ ಬೇಕೆಂಬುದು ನನ್ನ ಅಭಿಪ್ರಾಯ. ಕವಿಯ ದನಿಯನ್ನು ಒಮ್ಮೆ ಕೇಳಿದ ಊರಿನ ಶಿಕ್ಷಕ, ವಕೀಲ, ಅಂಗಡಿಕಾರ ಮುಂದೊಂದು ದಿನ ಚಂದಾ ಕೊಡಲು ಮುಂದಾಗುವವನು. ಪುಸ್ತಕ ಹುಟ್ಟುವ ಮೊದಲೇ ಕೇಳುಗರನ್ನು ಸೇರಿಸಿಟ್ಟ ಗುಂಪು ಇದು.

1932ರಿಂದ ಮುಂದಿನ ಆರು ವರ್ಷ ಗಮನಿಸಿ. 'ಗರಿ' (1932), 'ಮೂರ್ತಿ ಮತ್ತು ಕಾಮಕಸ್ತೂರಿ' (1934), 'ಸಖೀಗೀತ' (1937), 'ಉಯ್ಯಾಲೆ' ಮತ್ತು 'ನಾದಲೀಲೆ' (1938). ಹತ್ತು ವರ್ಷ ತಡೆದಿದ್ದ ಹೊಳೆ ಒಮ್ಮೆಲೇ ಒಡ್ಡು ಒಡೆದಂತೆ. ಇದೇ ಅವಧಿಯಲ್ಲಿ ಕವಿಯ ಬದುಕು ಅತ್ಯಂತ ಕಷ್ಟದ್ದು: 'ನರಬಲಿ' ಕವಿತೆಯ ಕಾರಣಕ್ಕೆ 1932ರಲ್ಲಿ ಬಂಧನ, ಹಿಂಡಲಗಾ ಸೆರೆಮನೆ, ಆಮೇಲೆ ಮುಗದದಲ್ಲಿ ಸ್ಥಾನಬದ್ಧತೆ, ವರ್ಷಗಟ್ಟಲೆ ನೌಕರಿಯಿಲ್ಲದ ಸಂಸಾರ. ಗೋಕಾಕರ 'ಕಲೋಪಾಸಕ' 1934ರದು. ಶಂ.ಬಾ. ಜೋಶಿಯವರ 'ಕನ್ನಡದ ನೆಲೆ' 1939ರದು. ಗೋಕಾಕರ 'ಸಮುದ್ರಗೀತೆಗಳು' 1940ರದು. ಒಬ್ಬನ ಪ್ರತಿಭೆ ಒಂದು ದಶಕದಲ್ಲಿ ಅರಳಿತೆನ್ನಬಹುದು. ಹಲವರ ಪುಸ್ತಕಗಳು ಒಟ್ಟಿಗೆ ಬರತೊಡಗಿದಾಗ ಪ್ರತಿಭೆಯ ಹೊರಗಿನ ಕಾರಣವನ್ನೂ ಹುಡುಕಬೇಕಾಗುತ್ತದೆ.

ಅಂಥ ಒಂದು ಕಾರಣ 1933ರಲ್ಲಿ ಸಿಗುತ್ತದೆ. ಆ ವರ್ಷ ಆಗಸ್ಟ್ 15ರಂದು ಜಿ.ಬಿ. ಜೋಶಿಯವರು ಮನೋಹರ ಗ್ರಂಥ ಪ್ರಕಾಶನ ಸಮಿತಿಯನ್ನು ಆರಂಭಿಸಿದರು. ಇಂದು ನಾವು ಮನೋಹರ ಗ್ರಂಥಮಾಲೆ ಎನ್ನುವುದು ಇದನ್ನೇ. ಕನ್ನಡಿಗರ ಬಾಯಲ್ಲಿ ಅದು 'ಅಟ್ಟ'. ಮಾಳಿಗೆಯ ಮೇಲಿನ ಆ ಇಕ್ಕಟ್ಟಾದ ಕೋಣೆಯಲ್ಲಿ ಹಸ್ತಪ್ರತಿ ಓದುವುದು, ಕರಡು ತಿದ್ದುವುದು, ಜಗಳ, ಎಲೆ-ಅಡಿಕೆ ಎಲ್ಲವೂ ನಡೆಯುತ್ತಿತ್ತು. ಜೋಶಿಯವರು ಬರಿ ಪ್ರಕಾಶಕರಲ್ಲ. 'ಜಡಭರತ' ಎಂಬ ಹೆಸರಿನಲ್ಲಿ ನಾಟಕ ಬರೆದವರು, 'ಸತ್ತವರ ನೆರಳು' ಅವರದೇ. (ಅಂಬಿಕಾತನಯದತ್ತ, ವಿನಾಯಕ, ರಸಿಕರಂಗ, ಆನಂದಕಂದ, ಜಡಭರತ: ಈ ಗುಂಪಿನವರು ಕಾವ್ಯನಾಮಗಳ ವಿಷಯದಲ್ಲಿ ಮಾತ್ರ ಎಂದೂ ಬಡತನ ತೋರಲಿಲ್ಲ.)

ಅಟ್ಟದ ಪದ್ಧತಿ ಸರಳ. ವರ್ಷಕ್ಕಿಷ್ಟು ಚಂದಾ ಕೊಟ್ಟವರಿಗೆ ವರ್ಷದೊಳಗೆ ಇಷ್ಟು ಪುಸ್ತಕ ಎಂಬ ಒಪ್ಪಂದ. ಓದುಗನಿಗೆ ಯಾವ ಪುಸ್ತಕ ಬರುತ್ತದೆಂದು ಮೊದಲೇ ಗೊತ್ತಿರಬೇಕಿಲ್ಲ. ಅವನು ಪುಸ್ತಕವನ್ನು ನೋಡಿ ಕೊಳ್ಳುತ್ತಿಲ್ಲ, ಮಾಲೆಯನ್ನು ನಂಬಿ ಕೊಡುತ್ತಿದ್ದಾನೆ. ಇದರಿಂದ ಎರಡು ಪರಿಣಾಮಗಳಾದವು. ಅಚ್ಚಿನ ಹಣ ಲೇಖಕನ ಜೇಬಿನಿಂದಲೂ ಧನಿಕರ ಔದಾರ್ಯದಿಂದಲೂ ಬರುವುದು ತಪ್ಪಿತು. ಹೊಸಬನ ಪುಸ್ತಕಕ್ಕೂ ಹೆಸರಾಂತರ ಪುಸ್ತಕಕ್ಕೂ ಒಂದೇ ಸಂಖ್ಯೆಯ ಓದುಗರು ಮೊದಲ ದಿನದಿಂದಲೇ ಸಿಕ್ಕರು. ಎರಡನೆಯದೇ ಹೆಚ್ಚು ಮುಖ್ಯ. ಅಂಗಡಿಯ ಮಾರಾಟವನ್ನೇ ನೆಚ್ಚಿದ ಪ್ರಕಾಶಕ ಹೆಸರಿಲ್ಲದವನ ಮೊದಲ ಕಾದಂಬರಿಗೆ ಕೈ ಹಾಕಲು ಹತ್ತು ಸಲ ಯೋಚಿಸುತ್ತಾನೆ. ಚಂದಾದಾರರಿರುವವನು ಓದಿ ಮೆಚ್ಚಿದರೆ ಸಾಕು.

ಕಾದಂಬರಿಗಳ ಮಾತು ಬಂದದ್ದು ಕಾರಣವಿಲ್ಲದೆ ಅಲ್ಲ. ಮಾಲೆಯ ಆರಂಭದ ಪುಸ್ತಕಗಳಲ್ಲಿ ಆನಂದಕಂದರ (ಬೆಟಗೇರಿ ಕೃಷ್ಣಶರ್ಮರ) 'ಸುದರ್ಶನ', ಶ್ರೀರಂಗರ 'ವಿಶ್ವಾಮಿತ್ರನ ಸೃಷ್ಟಿ' (1934) ಕಾಣುತ್ತವೆ. ಕವಿಗಳ ಕೂಟವೆಂದೇ ಹೆಸರಾದ ಗುಂಪಿನಿಂದ ಹುಟ್ಟಿದ ಪ್ರಕಾಶನ ಗದ್ಯಕ್ಕೆ ತಿರುಗಿತು. ಚಂದಾದಾರನಿಗೆ ಮನೆಯಲ್ಲಿ ಎಲ್ಲರೂ ಓದುವ ಪುಸ್ತಕ ಬೇಕು, ಅದು ಕಾದಂಬರಿ. ಗೋಕಾಕರೂ ಮುಗಳಿಯವರೂ ಆನಂದಕಂದರೂ ಕಾದಂಬರಿ ಬರೆದದ್ದರಲ್ಲಿ ಕಾಲದ ಒಲವಿನ ಜೊತೆಗೆ ಈ ಓದುಗನ ಪಾಲೂ ಇದೆಯೆಂದು ನಾನು ಎಣಿಸುತ್ತೇನೆ. ಬೇಂದ್ರೆ ಮಾತ್ರ ಆ ದಾರಿ ಹಿಡಿಯಲಿಲ್ಲ.

ಆದರೆ 1933ರ ನಂತರ ಬಂದ ಗುಂಪಿನವರ ಎಲ್ಲ ಪುಸ್ತಕಗಳನ್ನೂ ಅಟ್ಟದ ಖಾತೆಗೆ ಬರೆಯಬಾರದು. 'ಗರಿ' ಸಮಿತಿಗಿಂತ ಒಂದು ವರ್ಷ ಹಿಂದಿನದು. ಆನಂದಕಂದರು 1938ರಲ್ಲಿ ತಮ್ಮದೇ 'ಜಯಂತಿ' ಮಾಸಪತ್ರಿಕೆ ಆರಂಭಿಸಿ ಇನ್ನೊಂದು ಕೇಂದ್ರ ಕಟ್ಟಿದರು. ಕಾಲ ಕೂಡಿಬಂದ ಮಾತ್ರಕ್ಕೆ ಕಾರಣ ಕೂಡಿಬರುವುದಿಲ್ಲ. ನಾನು ಹೇಳುವುದಿಷ್ಟೆ: ಒಟ್ಟಿಗೆ ಓದುತ್ತಿದ್ದ ಗೆಳೆತನ ಒಟ್ಟಿಗೆ ಅಚ್ಚು ಹಾಕಿಸುವ ವ್ಯವಸ್ಥೆಯಾಗಿ ಬದಲಾದದ್ದು ಈ ಕೆಲವು ವರ್ಷಗಳಲ್ಲಿ.

ಹೋಲಿಕೆಗೆ ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಹಲಸಂಗಿ ಇದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಸೇರಿ 'ಹಲಸಂಗಿ ಗೆಳೆಯರು' ಎನಿಸಿಕೊಂಡರು. ಕಾಲೇಜು, ಮುದ್ರಣಾಲಯ, ದೊಡ್ಡ ಪೇಟೆ ಯಾವುದೂ ಇಲ್ಲದ ಹಳ್ಳಿ. ಅವರು ಹೊರತಂದ 'ಗರತಿಯ ಹಾಡು' (1931) ಕನ್ನಡ ಜಾನಪದ ಸಂಗ್ರಹಗಳಲ್ಲಿ ಮೊದಲ ಸಾಲಿನದು. ಮಾಸ್ತಿ, ಬಿ.ಎಂ.ಶ್ರೀ., ಬೇಂದ್ರೆ ಮೂವರೂ ಅದಕ್ಕೆ ಬರೆದರು. ಹಿಂದೆಯೇ ಧೂಲಾಸಾಹೇಬರ 'ಜೀವನ ಸಂಗೀತ', ರೇವಪ್ಪನವರ 'ಮಲ್ಲಿಗೆ ದಂಡೆ' ಬಂದವು. ಪುಸ್ತಕಗಳ ಸಂಖ್ಯೆ ಸಣ್ಣದು, ಬೀರಿದ ಪ್ರಭಾವ ದೊಡ್ಡದು. ನವೋದಯದ ಕವಿಗಳು ತ್ರಿಪದಿಯ ಕಡೆ ಮತ್ತೆ ಕಿವಿಗೊಟ್ಟದ್ದರಲ್ಲಿ ಈ ಸಂಗ್ರಹದ ಪಾತ್ರವಿದೆ. ಆದರೆ ಹಲಸಂಗಿಗೆ ಅಟ್ಟ ದೊರೆಯಲಿಲ್ಲ. ಮಧುರಚೆನ್ನರು 1953ರಲ್ಲಿ ತೀರಿಕೊಂಡ ಮೇಲೆ ಬಹುಕಾಲ ಆ ಕೆಲಸವನ್ನು ಸಿಂಪಿ ಲಿಂಗಣ್ಣನವರು ತಮ್ಮ ಬರವಣಿಗೆಯಿಂದಲೇ ಮುಂದುವರಿಸಬೇಕಾಯಿತು. ಧಾರವಾಡಕ್ಕೂ ಹಲಸಂಗಿಗೂ ನಡುವಿನ ವ್ಯತ್ಯಾಸ ಪ್ರತಿಭೆಯದಲ್ಲ, ಮಾಲೆಯದು.

ಎರಡೂ ಗುಂಪುಗಳಿಗೆ ಸಮಾನವಾದ ಒಂದು ಸಂಗತಿಯಿದೆ. 'ಗರತಿಯ ಹಾಡು' ಹೆಣ್ಣುಮಕ್ಕಳು ಬೀಸುತ್ತ ಕುಟ್ಟುತ್ತ ಹಾಡಿದ ಹಾಡುಗಳ ಪುಸ್ತಕ. ಸಾಹಿತ್ಯಚರಿತ್ರೆಯಲ್ಲಿ ಉಳಿದಿರುವುದು ಸಂಗ್ರಹಿಸಿದ ಗಂಡಸರ ಹೆಸರು. ಮೇಲೆ ಕೊಟ್ಟ ಧಾರವಾಡದ ಗುಂಪಿನ ಪಟ್ಟಿಯಲ್ಲೂ ಒಬ್ಬ ಹೆಂಗಸಿಲ್ಲ. ಕತೆಗಾರ್ತಿ ಕೊಡಗಿನ ಗೌರಮ್ಮನವರನ್ನು (1912–1939) ಬೇಂದ್ರೆ ತಂಗಿಯೆಂದು ಕರೆದರು, ಅವರು ತೀರಿಕೊಂಡಾಗ ಕವಿತೆ ಬರೆದರು. ಆ ಅಕ್ಕರೆ ನಿಜ. ಆದರೆ ಅಕ್ಕರೆಗೂ ಕೂಟದಲ್ಲಿ ಸಮನಾಗಿ ಕುಳಿತು ಹಸ್ತಪ್ರತಿ ಓದುವ ಅವಕಾಶಕ್ಕೂ ಅಂತರವಿದೆ. ಗುಂಪಿನ ಯಶಸ್ಸನ್ನು ಬರೆಯುವವರು ಈ ಸಾಲನ್ನು ಬಿಟ್ಟು ಹೋಗಬಾರದು.

ಗುಂಪು ಚದುರಿದ ಮೇಲಿನ ಕತೆ ಹೆಚ್ಚು ಪರಿಚಿತ, ಚುಟುಕಾಗಿ ಹೇಳಿದರೆ ಸಾಕು. ಕೀರ್ತಿನಾಥ ಕುರ್ತಕೋಟಿಯವರು ಅಟ್ಟದ ವಿಮರ್ಶಕ-ಸಲಹೆಗಾರರಾದರು. 1961ರಲ್ಲಿ ಶಾಂತಿನಾಥ ದೇಸಾಯಿಯವರ 'ಮುಕ್ತಿ' ಬಂತು. ಅದೇ ವರ್ಷ, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' ಬಂತು. 1964ರಲ್ಲಿ 'ತುಘಲಕ್', 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ', 1969ರಲ್ಲಿ ಎ.ಕೆ. ರಾಮಾನುಜನ್ನರ 'ಹೊಕ್ಕುಳಲ್ಲಿ ಹೂವಿಲ್ಲ'. ಇವರಲ್ಲಿ ಯಾರೂ ಗೆಳೆಯರ ಗುಂಪಿನವರಲ್ಲ. 'ಸಂಸ್ಕಾರ'ದಂಥ ವಾದಕ್ಕೀಡಾದ ಕಾದಂಬರಿಯೂ, ಇಪ್ಪತ್ತರ ಹರೆಯದ ಹುಡುಗ ಬರೆದ ನಾಟಕವೂ ಮೂವತ್ತು ವರ್ಷ ಹಿಂದೆ ಕವಿಗೆಳೆಯರು ಹಾಕಿದ ಚಂದಾ ವ್ಯವಸ್ಥೆಯ ಮೇಲೆ ನಿಂತು ಓದುಗರನ್ನು ತಲುಪಿದವು. ಕಾರ್ನಾಡರು ಆ ಋಣವನ್ನು ಮರೆಯಲಿಲ್ಲ. ಅವರ ಆತ್ಮಕತೆ 'ಆಡಾಡತ ಆಯುಷ್ಯ' 2011ರಲ್ಲಿ ಬಂದದ್ದೂ ಅದೇ ಮಾಲೆಯಿಂದ. ಗುಂಪಿನ ಸದಸ್ಯರ ಪ್ರಕಟಣೆಯ ಸಾಧನೆಗಳಲ್ಲಿ ಒಂದನ್ನೇ ಆರಿಸೆಂದರೆ ನಾನು ಆರಿಸುವುದು ಯಾವ ಪ್ರಶಸ್ತಿ ಗ್ರಂಥವನ್ನೂ ಅಲ್ಲ, ಜಿ.ಬಿ. ಜೋಶಿಯವರ ಚಂದಾ ಪುಸ್ತಕವನ್ನು.

ಆ ಪುಸ್ತಕದ ಇನ್ನೊಂದು ಅರ್ಧ ಓದುಗರ ಮನೆಗಳಲ್ಲಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಸೀಮೆಯ ಹಳೆಯ ಮನೆಗಳ ಟ್ರಂಕು, ಗೂಡು, ಪೋಥಿಗಳ ನಡುವೆ 1930 ಮತ್ತು 40ರ ದಶಕದ ಗ್ರಂಥಮಾಲೆಯ ರಸೀದಿ, ವಿ.ಪಿ. ಚೀಟಿ, ಜ್ಞಾಪನ ಕಾರ್ಡು, 'ಜಯಕರ್ನಾಟಕ' 'ಜಯಂತಿ'ಗಳ ಬಿಡಿ ಸಂಚಿಕೆ ಸಿಕ್ಕರೆ ರದ್ದಿಗೆ ಹಾಕಬೇಡಿ. ಕೊಂಡವರ ಹೆಸರು, ಊರು, ತಾರೀಖು ಇರುವ ಒಂದು ಚೀಟಿಯೂ ಕನ್ನಡ ಓದುಗನ ಇತಿಹಾಸಕ್ಕೆ ಆಧಾರ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆಯಿದೆ, ವಿದ್ಯಾವರ್ಧಕ ಸಂಘವಿದೆ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಪ್ರತಿ ಮಾಡಿಸಿಯಾದರೂ ಅಲ್ಲಿಗೆ ತಲುಪಿಸಿ.