ನಕಾಶೆಯಲ್ಲಿಲ್ಲದ ಊರಿನ ದುರಂತ

ಪರಮಾಣು ದುರಂತ ಎಂದೊಡನೆ ನಮಗೆಲ್ಲ ನೆನಪಾಗುವುದು 1986ರ ಚೆರ್ನೋಬಿಲ್. ಆದರೆ ಅದಕ್ಕೂ 29 ವರ್ಷ ಮೊದಲೇ ಅದೇ ಸೋವಿಯತ್ ಒಕ್ಕೂಟದಲ್ಲಿ ಇನ್ನೊಂದು ಭೀಕರ ಅಪಘಾತ ನಡೆದಿತ್ತೆಂಬುದು ನಿಮಗೆ ಗೊತ್ತೇ? ಆ ಸರಕಾರ ಅದನ್ನು ಮೂರು ದಶಕಗಳ ಕಾಲ ಒಪ್ಪಿಕೊಳ್ಳಲೇ ಇಲ್ಲ.

ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ಸರಿಸಮನಾಗಿ ಅಣುಬಾಂಬ್ ತಯಾರಿಸುವ ಆತುರದಲ್ಲಿ ರಷ್ಯಾದ ಉರಲ್ ಪರ್ವತ ಪ್ರದೇಶದಲ್ಲಿ 'ಮಯಾಕ್' ಎಂಬ ಕಾರ್ಖಾನೆ ಸ್ಥಾಪನೆಯಾಯಿತು. ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸುವುದೇ ಅದರ ಕೆಲಸ. ಕೆಲಸಗಾರರ ಪಟ್ಟಣ ಚೆಲ್ಯಾಬಿನ್ಸ್ಕ್-40 ಯಾವ ನಕಾಶೆಯಲ್ಲೂ ಇರಲಿಲ್ಲ. ಆದ್ದರಿಂದಲೇ ದುರಂತಕ್ಕೆ ಹತ್ತಿರದ ಕಿಷ್ಟಿಮ್ ಎಂಬ ಊರಿನ ಹೆಸರು ಬಂತು.

ಪ್ಲುಟೋನಿಯಂ ಬೇರ್ಪಡಿಸಿದ ಮೇಲೆ ತೀವ್ರ ವಿಕಿರಣ ಸೂಸುವ ದ್ರವ ಉಳಿಯುತ್ತದೆ. ಮೊದಮೊದಲು ಅದನ್ನು ತೇಚಾ ನದಿಗೆ ಬಿಡಲಾಯಿತು. ನದಿ ದಂಡೆಯ ಹಳ್ಳಿಗರು ಅದೇ ನೀರು ಕುಡಿದರು. ಆಮೇಲೆ ನೆಲದಡಿಯ ಉಕ್ಕಿನ ತೊಟ್ಟಿಗಳಲ್ಲಿ ತುಂಬಿಸತೊಡಗಿದರು. ಈ ತ್ಯಾಜ್ಯ ತಾನಾಗಿಯೇ ಬಿಸಿಯಾಗುತ್ತಿರುತ್ತದೆ. ಅದನ್ನು ಬಿಡುವಿಲ್ಲದೆ ತಂಪಾಗಿಸಬೇಕು. ಒಂದು ತೊಟ್ಟಿಯ ತಂಪುಗೊಳಿಸುವ ವ್ಯವಸ್ಥೆ ಕೆಟ್ಟಿತು. ನೀರು ಆವಿಯಾಗಿ, ಉಳಿದ ಒಣ ಲವಣಗಳು ಸಿಡಿಮದ್ದಿನಂತಾದವು. 1957ರ ಸೆಪ್ಟೆಂಬರ್ 29, ಭಾನುವಾರ ಸಂಜೆ ನಾಲ್ಕರ ಸುಮಾರಿಗೆ ತೊಟ್ಟಿ ಸ್ಫೋಟಿಸಿತು. 160 ಟನ್ ತೂಕದ ಕಾಂಕ್ರೀಟ್ ಮುಚ್ಚಳ ಹಾರಿಹೋಯಿತು. ಹೊರಬಿದ್ದ ವಿಕಿರಣ ಸುಮಾರು 2 ಕೋಟಿ ಕ್ಯೂರಿ. ಅದರಲ್ಲಿ ಹತ್ತನೇ ಒಂದು ಭಾಗ ಗಾಳಿಯೊಂದಿಗೆ ಈಶಾನ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರ ಹರಡಿತು.

ಅದರ ದಾರಿಯಲ್ಲಿದ್ದವರು ಯಾರು? ಬೆರ್ದ್ಯಾನಿಷ್, ಸತ್ಲಿಕೋವೊ, ಗಲಿಕಾಯೆವೊ ಎಂಬ ಹಳ್ಳಿಗಳ ಬಡ ರೈತರು. ಇವು ಬಶ್ಕಿರ್ ಮುಸ್ಲಿಮರ ಊರುಗಳು. ಅವರನ್ನು ಅಲ್ಲಿಂದ ಸಾಗಿಸಲು ಒಂದು ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ದಿನವೂ ಅವರು ಅಲ್ಲಿನ ಹಾಲನ್ನೇ ಕುಡಿದರು, ಅಲ್ಲಿನ ಬೆಳೆಯನ್ನೇ ಉಂಡರು. ದನಕರುಗಳನ್ನು ಕೊಲ್ಲಲಾಯಿತು, ಮನೆಗಳನ್ನು ಕೆಡವಲಾಯಿತು. ಏಕೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಮುಂದಿನ ತಿಂಗಳುಗಳಲ್ಲಿ ಇತರ ಹಳ್ಳಿಗಳೂ ಸೇರಿ ಒಟ್ಟು 10,000ಕ್ಕೂ ಹೆಚ್ಚು ಜನ ಊರು ಬಿಟ್ಟರು.

ಈ ಗುಟ್ಟು ಹೊರಬಿದ್ದದ್ದು ಹೇಗೆ? ದೇಶಭ್ರಷ್ಟರಾಗಿ ಲಂಡನ್ನಿನಲ್ಲಿದ್ದ ಸೋವಿಯತ್ ಜೀವವಿಜ್ಞಾನಿ ಝೋರೆಸ್ ಮೆಡ್ವೆಡೆವ್ 1976ರಲ್ಲಿ ಒಂದು ಲೇಖನದಲ್ಲಿ ಇದನ್ನು ಪ್ರಸ್ತಾಪಿಸಿದರು. ಬ್ರಿಟನ್ನಿನ ಪರಮಾಣು ಪ್ರಾಧಿಕಾರದ ಮುಖ್ಯಸ್ಥರೇ ಅದನ್ನು ಅಸಂಬದ್ಧವೆಂದು ತಳ್ಳಿಹಾಕಿದರು. ಮೆಡ್ವೆಡೆವ್ ವಾದಕ್ಕಿಳಿಯದೆ ಗ್ರಂಥಾಲಯಕ್ಕೆ ಹೋದರು. ಕೆರೆಯ ಮೀನು, ಕಾಡಿನ ಪ್ರಾಣಿ, ಗಿಡಮರಗಳಲ್ಲಿ ಸೇರಿದ ವಿಕಿರಣದ ಬಗ್ಗೆ ಸೋವಿಯತ್ ವಿಜ್ಞಾನಿಗಳು ಪ್ರಕಟಿಸಿದ್ದ ಪ್ರಬಂಧಗಳನ್ನು ಒಂದೊಂದಾಗಿ ಓದಿದರು. ದುರಂತದ ಸುದ್ದಿ ಅವುಗಳಲ್ಲಿರಲಿಲ್ಲ. ಆದರೆ ಪ್ರಾಣಿಗಳ ಜಾತಿ ಸ್ಥಳವನ್ನು ಸೂಚಿಸಿತು, ಅಧ್ಯಯನದ ಅವಧಿಗಳು ಕಾಲವನ್ನು ಸೂಚಿಸಿದವು, ಕೆರೆಗಳ ವಿಸ್ತಾರ ಅನಾಹುತದ ಗಾತ್ರವನ್ನು ಹೇಳಿತು. 1979ರಲ್ಲಿ ಅವರ ಪುಸ್ತಕ ಹೊರಬಂತು. ಹತ್ತು ವರ್ಷಗಳ ನಂತರ, 1989ರಲ್ಲಿ, ಸೋವಿಯತ್ ಸರಕಾರ ಸತ್ಯವನ್ನು ಒಪ್ಪಿಕೊಂಡಿತು. ಅಂತಾರಾಷ್ಟ್ರೀಯ ಮಾಪನದಲ್ಲಿ ಇದು 6ನೇ ಹಂತದ ಅಪಘಾತ. ಇದಕ್ಕಿಂತ ಮೇಲಿನ 7ನೇ ಹಂತದಲ್ಲಿರುವುದು ಚೆರ್ನೋಬಿಲ್ ಮತ್ತು 2011ರ ಫುಕುಶಿಮಾ ಮಾತ್ರ.

ವಿದ್ಯಾರ್ಥಿ ಮಿತ್ರರೇ, ಅಲ್ಲಿ ಬಿದ್ದ ಸ್ಟ್ರಾನ್ಷಿಯಂ-90 ಅರ್ಧಕ್ಕಿಳಿಯಲು ಸುಮಾರು 29 ವರ್ಷ ಬೇಕು. ಆ ನೆಲದ ಒಂದು ಭಾಗಕ್ಕೆ ಇಂದಿಗೂ ಪ್ರವೇಶವಿಲ್ಲ. ತೊಟ್ಟಿ ಸಿಡಿದದ್ದು ಅಲಕ್ಷ್ಯದಿಂದ. ಆದರೆ ತಾವು ಉಣ್ಣುತ್ತಿರುವುದು ವಿಷವೆಂದು ತಿಳಿಯುವ ಹಕ್ಕನ್ನು ಆ ಹಳ್ಳಿಗರಿಂದ ಕಸಿದುಕೊಂಡದ್ದು ಗೋಪ್ಯತೆ. ಆ ಗೋಪ್ಯತೆಯನ್ನು ಒಡೆದದ್ದು ಒಬ್ಬ ಓದುಗನ ತಾಳ್ಮೆ, ಯಾರು ಬೇಕಾದರೂ ತೆರೆಯಬಹುದಾಗಿದ್ದ ಪತ್ರಿಕೆಗಳ ಪುಟಗಳಲ್ಲಿ. ವಿಜ್ಞಾನ ಕಲಿಯುವ ನಾವು ಪ್ರಶ್ನೆ ಕೇಳುವುದನ್ನೂ ಅದರೊಂದಿಗೇ ಕಲಿಯೋಣ.