ಕೌದಿಗೂ ಒಂದು ಸಂತೆ: ಬಟ್ಟೆ ಅಂಗಡಿಯವರು ಹ್ಯೂಸ್ಟನ್‌ಗೆ ಯಾಕೆ ಹೋಗುತ್ತಾರೆ?

ಕೌದಿ ಅಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಳೇ ಸೀರೆ, ಸವೆದ ಧೋತರ, ಮಕ್ಕಳಿಗೆ ಸಾಲದಾದ ಅಂಗಿ, ಎಲ್ಲವನ್ನೂ ತುಂಡು ಮಾಡಿ, ಪದರ ಪದರ ಇಟ್ಟು, ಸಾಲು ಸಾಲಾಗಿ ಹೊಲಿದ ಹೊದಿಕೆ. ಅದಕ್ಕೆ ದುಡ್ಡು ಕೊಟ್ಟು ಬಟ್ಟೆ ತಂದವರು ಕಡಿಮೆ. ಮನೆಯಲ್ಲಿ ಇದ್ದದ್ದರಲ್ಲೇ ಆಗುವ ಕೆಲಸ ಅದು.

ಅಮೆರಿಕದಲ್ಲಿ ಇದರ ಅಕ್ಕನೋ ತಂಗಿಯೋ ಅನ್ನಬಹುದಾದ ಒಂದು ಹೊದಿಕೆ ಇದೆ. ಅದರ ಹೆಸರು ಕ್ವಿಲ್ಟ್. ಮೇಲೆ ತುಂಡು ಬಟ್ಟೆ ಜೋಡಿಸಿದ ಪದರ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು. ಮೂರನ್ನೂ ಸೇರಿಸಿ ಹೊಲಿಗೆ. ವ್ಯತ್ಯಾಸ ಏನೆಂದರೆ, ಅಲ್ಲಿ ಈ ಹೊದಿಕೆ ಹೊಲಿಯುವವರಿಗಾಗಿಯೇ ಬಟ್ಟೆ ಅಂಗಡಿಗಳಿವೆ. ಆ ಅಂಗಡಿಯವರು ಸರಕು ಕೊಳ್ಳಲು ಹೋಗುವ ದೊಡ್ಡ ಸಂತೆಯೂ ಇದೆ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ನಡೆಯುವ ಅದರ ಹೆಸರು ಇಂಟರ್‌ನ್ಯಾಷನಲ್ ಕ್ವಿಲ್ಟ್ ಮಾರ್ಕೆಟ್.

ಚಿಂದಿ ಬಟ್ಟೆಯ ಕೆಲಸಕ್ಕೆ ಇಷ್ಟು ದೊಡ್ಡ ವ್ಯಾಪಾರ ಹೇಗೆ ಬೆಳೆಯಿತು? ಅದರಲ್ಲಿ ದುಡ್ಡು ಯಾರಿಗೆ ಸಿಕ್ಕಿತು? ಈ ಕಥೆ ನಮಗೂ ಬೇಕಾದದ್ದು.

ಹಿಟ್ಟಿನ ಚೀಲದಿಂದ ಶುರು

ಅಮೆರಿಕದ ಎಲ್ಲ ಕ್ವಿಲ್ಟೂ ಹಳೇ ಬಟ್ಟೆಯದ್ದಲ್ಲ. ಸಿರಿವಂತರ ಮನೆಗಳಲ್ಲಿ ಹೊಸ ಬಟ್ಟೆಯಲ್ಲೇ ಹೊಲಿಯುತ್ತಿದ್ದರು. 18ನೇ ಶತಮಾನದಲ್ಲಿ ಭಾರತದ ಕೋರಮಂಡಲ ಕರಾವಳಿಯಿಂದ ಹೋಗುತ್ತಿದ್ದ ಬಣ್ಣದ ಹೂವಿನ ಹತ್ತಿ ಬಟ್ಟೆಗೆ ಯುರೋಪಿನಲ್ಲೂ ಅಮೆರಿಕದಲ್ಲೂ ಬೇಡಿಕೆ ಇತ್ತು. ಆ ಬಟ್ಟೆಯ ಹೊಡೆತ ತಾಳಲಾರದೆ ಬ್ರಿಟನ್ 1700 ಮತ್ತು 1721ರಲ್ಲಿ ಕಾನೂನು ಮಾಡಿ ಅದನ್ನು ತಡೆಯಿತು. ನಮ್ಮ ದೇಶದ ನೇಕಾರರು, ಬಣ್ಣಗಾರರು ಮಾಡಿದ ಬಟ್ಟೆಯ ಹೂವುಗಳನ್ನು ಕತ್ತರಿಸಿ ಕ್ವಿಲ್ಟ್ ಮೇಲೆ ಹೊಲಿದ ಹಳೇ ಮಾದರಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ.

ಬಡ ರೈತರ ಮನೆಯ ಕಥೆ ಬೇರೆ. 1930ರ ದಶಕದಲ್ಲಿ ಅಲ್ಲಿ ಆರ್ಥಿಕ ಕುಸಿತ. ಆಗ ಹಿಟ್ಟು, ಕೋಳಿ ಆಹಾರ, ದನದ ಆಹಾರ ಬರುತ್ತಿದ್ದುದು ಹತ್ತಿ ಬಟ್ಟೆಯ ಚೀಲಗಳಲ್ಲಿ. ಹೆಂಗಸರು ಚೀಲ ಬಿಚ್ಚಿ, ತೊಳೆದು, ಅಂಗಿ ಮತ್ತು ಕ್ವಿಲ್ಟ್ ಹೊಲಿಯುತ್ತಿದ್ದರು. ಇದನ್ನು ನೋಡಿದ ಕಂಪನಿಗಳು ಚೀಲದ ಮೇಲೆ ಹೂ, ಬಳ್ಳಿ, ಚೌಕಗಳನ್ನು ಅಚ್ಚು ಹಾಕಿಸಲು ಶುರು ಮಾಡಿದವು. ಗಂಡಸು ಅಂಗಡಿಗೆ ಹೊರಟರೆ ಯಾವ ಹೂವಿನ ಚೀಲ ತರಬೇಕು ಎಂದು ಹೆಂಡತಿ ಹೇಳಿ ಕಳಿಸುತ್ತಿದ್ದಳು. ಹೊಲಿಯುವ ಹೆಂಗಸೂ ಒಬ್ಬ ಗಿರಾಕಿ ಎಂಬುದು ಕಂಪನಿಗಳಿಗೆ ಅಲ್ಲೇ ಗೊತ್ತಾಗಿತ್ತು.

ಪಾಲಿಯೆಸ್ಟರ್ ಕಾಲದಲ್ಲಿ ಹತ್ತಿ ಹುಡುಕಿದವರು

ಎರಡನೇ ಮಹಾಯುದ್ಧದ ನಂತರ ಕ್ವಿಲ್ಟ್ ಮೂಲೆ ಸೇರಿತು. ಅಂಗಡಿಯಲ್ಲಿ ರಗ್ಗು ಸಿಗುವಾಗ ಹೊಲಿಯುವುದು ಯಾಕೆ? ಅದು ಬಡತನದ ಗುರುತು ಎಂಬ ಭಾವನೆಯೂ ಬಂತು. ನಮ್ಮಲ್ಲಿ ಕೌದಿಗೆ ಆದದ್ದೂ ಇದೇ ಅಲ್ಲವೇ?

ತಿರುವು ಬಂದದ್ದು 1970ರ ಆಸುಪಾಸಿನಲ್ಲಿ. 1969ರಲ್ಲಿ ಬಾನಿ ಲೆಮನ್ ಎಂಬ ಮಹಿಳೆ ಕ್ವಿಲ್ಟ್ ಹೊಲಿಯುವವರಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿದರು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೇ ಕ್ವಿಲ್ಟ್‌ಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡಿತು. ಹಾಸಿಗೆ ಮೇಲೆ ಬಿದ್ದಿರುತ್ತಿದ್ದ ಹೊದಿಕೆಯನ್ನು ಜನ ತಲೆಯೆತ್ತಿ ನೋಡುವಂತಾಯಿತು. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ. ಅಜ್ಜಿಯರ ಕೆಲಸವನ್ನು ಕಲಿಯಬೇಕು ಎಂಬ ಆಸೆ ಊರೂರಲ್ಲಿ ಹಬ್ಬಿತು.

ಆಸೆ ಬಂತು, ಬಟ್ಟೆ ಇರಲಿಲ್ಲ. ಅದು ಪಾಲಿಯೆಸ್ಟರ್ ಕಾಲ. ಒಳ್ಳೇ ಅಚ್ಚಿನ ಶುದ್ಧ ಹತ್ತಿ ಬಟ್ಟೆ ಸಿಗುವುದೇ ಕಷ್ಟವಾಗಿತ್ತು.

ಇಲ್ಲಿ ಭಾರತದ ಹೆಸರು ಮತ್ತೊಮ್ಮೆ ಬರುತ್ತದೆ. ಜಿನ್ನಿ ಬೇಯರ್ ಎಂಬ ಅಮೆರಿಕದ ಮಹಿಳೆ 1970ರ ದಶಕದ ಆರಂಭದಲ್ಲಿ ಕುಟುಂಬದ ಜೊತೆ ಭಾರತದಲ್ಲಿದ್ದರು. ತಮ್ಮ ಮೊದಲ ಕ್ವಿಲ್ಟ್ ಶುರು ಮಾಡಿದ್ದು ಇಲ್ಲೇ, ಇಲ್ಲಿನ ಕೈ ಅಚ್ಚಿನ ಗಾಢ ಬಣ್ಣದ ಹತ್ತಿ ಬಟ್ಟೆಯಲ್ಲಿ. ಆ ಗಾಢ ಬಣ್ಣವೇ ಮುಂದೆ ಅವರ ಗುರುತಾಯಿತು. ದೇಶಕ್ಕೆ ಮರಳಿದ ಮೇಲೆ 1978ರಲ್ಲಿ ಒಂದು ರಾಷ್ಟ್ರಮಟ್ಟದ ಕ್ವಿಲ್ಟ್ ಸ್ಪರ್ಧೆ ಗೆದ್ದರು. 1980ರ ದಶಕದ ಆರಂಭದಲ್ಲಿ, ಕ್ವಿಲ್ಟ್ ಹೊಲಿಯುವವರಿಗೆಂದೇ ಬಟ್ಟೆ ವಿನ್ಯಾಸ ಮಾಡಿ ಕಂಪನಿಯಿಂದ ತಮ್ಮ ಹೆಸರಲ್ಲಿ ಹೊರತಂದ ಮೊದಲಿಗರಲ್ಲಿ ಒಬ್ಬರಾದರು.

ಅಂಗಡಿಯವಳೇ ಕಟ್ಟಿದ ಸಂತೆ

ಹ್ಯೂಸ್ಟನ್‌ನಲ್ಲಿ ಕ್ಯಾರಿ ಬ್ರೆಸೆನ್‌ಹನ್ ಎಂಬ ಮಹಿಳೆ 1974ರಲ್ಲಿ ಒಂದು ಅಂಗಡಿ ತೆರೆದರು. ಅದು ಹಳೇ ಸಾಮಾನುಗಳ ಅಂಗಡಿ. ಅಂದಕ್ಕೆಂದು ಗೋಡೆ ಮೇಲೆ ಕ್ವಿಲ್ಟ್ ಹಾಕಿದ್ದರು. ಬಂದವರು ಕುರ್ಚಿ, ಮೇಜು ಬಿಟ್ಟು ಗೋಡೆಯ ಕ್ವಿಲ್ಟ್ ಬಗ್ಗೆ ಕೇಳತೊಡಗಿದರು. ಅಂಗಡಿ ನಿಧಾನಕ್ಕೆ ಕ್ವಿಲ್ಟ್ ಅಂಗಡಿಯೇ ಆಯಿತು. ಅದೇ ವರ್ಷ ಗಿರಾಕಿಗಳಿಗಾಗಿ ಒಂದು ಸಣ್ಣ ಕ್ವಿಲ್ಟ್ ಮೇಳ ಮಾಡಿದರು. ಅದೇ ಮುಂದೆ ದೊಡ್ಡ ಉತ್ಸವವಾಗಿ ಬೆಳೆಯಿತು.

ಬೇರೆ ಊರುಗಳಲ್ಲೂ ಇಂಥ ಅಂಗಡಿಗಳು ಹುಟ್ಟುತ್ತಿದ್ದವು. ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಬಟ್ಟೆ ಒಂದು ಕಡೆ, ದಾರ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ ಹುಡುಕಬೇಕಿತ್ತು. ಎಲ್ಲವೂ ಒಂದೇ ಸೂರಿನಡಿ ಸಿಗಲಿ ಎಂದು 1979ರಲ್ಲಿ ಬ್ರೆಸೆನ್‌ಹನ್ ವ್ಯಾಪಾರಿಗಳಿಗಾಗಿಯೇ ಕ್ವಿಲ್ಟ್ ಮಾರ್ಕೆಟ್ ಶುರು ಮಾಡಿದರು. ಅಂಗಡಿಯವಳ ಕಷ್ಟ ಗೊತ್ತಿದ್ದ ಅಂಗಡಿಯವಳೇ ಕಟ್ಟಿದ ಸಂತೆ ಇದು.

ಅದೇ 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದಂತೆ ತಿರುಗುವ ಬ್ಲೇಡಿನ ಕಟ್ಟರ್ ತಂದಿತು. ಕತ್ತರಿಯಲ್ಲಿ ಒಂದೊಂದೇ ತುಂಡು ಮಾಡುತ್ತಿದ್ದ ಕೆಲಸ, ನಾಲ್ಕಾರು ಪದರ ಒಟ್ಟಿಗೆ ಕೊಯ್ಯುವಷ್ಟು ಬೇಗ ಆಯಿತು. ಹೊಲಿಯುವ ವೇಗ ಹೆಚ್ಚಿದಂತೆ ಬಟ್ಟೆಯ ಮಾರಾಟವೂ ಏರಿತು.

ಮೂರು ದಿನದಲ್ಲಿ ಇಡೀ ವರ್ಷದ ಲೆಕ್ಕ

ಈ ಸಂತೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅಂಗಡಿ ಇದೆ ಎಂಬ ದಾಖಲೆ ತೋರಿಸಬೇಕು. ಜಾಗ ಜಾರ್ಜ್ ಆರ್. ಬ್ರೌನ್ ಕನ್ವೆನ್ಷನ್ ಸೆಂಟರ್. ಇದು ಮುಗಿದ ಬೆನ್ನಲ್ಲೇ ಅದೇ ಕಟ್ಟಡದಲ್ಲಿ ಎಲ್ಲರಿಗೂ ತೆರೆದ ಉತ್ಸವ ನಡೆಯುತ್ತದೆ.

ಯಾವುದೋ ಸಣ್ಣ ಊರಿನ ಅಂಗಡಿಯ ಒಡತಿ ಬಂದಿದ್ದಾಳೆ ಎಂದುಕೊಳ್ಳಿ. ಮಳಿಗೆಗಳು ತೆರೆಯುವ ಮೊದಲ ದಿನ ಅವಳಿಗೆ ಒಂಥರ ಶಾಲೆ. ಅದರ ಹೆಸರೂ 'ಸ್ಕೂಲ್‌ಹೌಸ್' ಎಂದೇ. ಕಂಪನಿಯವರು, ವಿನ್ಯಾಸಗಾರರು ಕೆಲವೇ ನಿಮಿಷಗಳ ಪಾಠಗಳಲ್ಲಿ ಹೊಸ ಸರಕು ತೋರಿಸುತ್ತಾರೆ. ಅಂದು ಸಂಜೆ 'ಸ್ಯಾಂಪಲ್ ಸ್ಪ್ರೀ'. ಬಾಗಿಲು ತೆರೆದ ಕೂಡಲೇ ಹೊಸ ಬಟ್ಟೆಯ ಸಣ್ಣ ಕಟ್ಟುಗಳಿಗೆ ನೂಕುನುಗ್ಗಲು. ದುಡ್ಡು ಕೊಟ್ಟು ಅಲ್ಲೇ ಒಯ್ಯಬಹುದು. ಊರಿಗೆ ಹೋಗಿ ಒಂದು ಮಾದರಿ ಹೊಲಿದು ಅಂಗಡಿಯಲ್ಲಿ ತೂಗುಹಾಕಲು ಅದು ಬೇಕು. ಮಾದರಿ ನೋಡಿಯೇ ಗಿರಾಕಿ ಬಟ್ಟೆ ಕೇಳುವುದು.

ಮರುದಿನದಿಂದ ಅಸಲಿ ಕೆಲಸ. ಮಳಿಗೆಯಿಂದ ಮಳಿಗೆಗೆ ನಡೆದು ಆರ್ಡರ್ ಬರೆಸಬೇಕು. ಈಗ ಬರೆಸಿದ ಥಾನುಗಳು ಅಂಗಡಿಗೆ ಬರುವುದು ತಿಂಗಳುಗಳ ನಂತರ. ಅಷ್ಟರಲ್ಲಿ ಗಿರಾಕಿಯ ರುಚಿ ಬದಲಾದರೆ? ಕಡಿಮೆ ಬರೆಸಿದರೂ ಕಷ್ಟ. ಒಂದು ವಿನ್ಯಾಸ ಖಾಲಿಯಾದರೆ ಕಂಪನಿಗಳು ಸಾಮಾನ್ಯವಾಗಿ ಮತ್ತೆ ಅಚ್ಚು ಹಾಕಿಸುವುದಿಲ್ಲ. ದೀಪಾವಳಿಯ ಸರಕಿಗೆಂದು ಚಿಕ್ಕಪೇಟೆಗೋ ಸೂರತ್‌ಗೋ ಹೋಗಿ ಬರುವ ನಮ್ಮ ಬಟ್ಟೆ ವ್ಯಾಪಾರಿಗೂ ಈ ತಲೆನೋವು ಹೊಸದಲ್ಲ.

ಅರ್ಥವಾಗಲು ಒಂದು ಉದಾಹರಣೆಯ ಲೆಕ್ಕ ಹಾಕೋಣ. ಒಂದು ಸರಣಿಯಲ್ಲಿ 30 ವಿನ್ಯಾಸ. ಒಂದೊಂದಕ್ಕೆ ಒಂದು ಥಾನು, ಥಾನಿಗೆ 15 ಗಜ. ಒಟ್ಟು 450 ಗಜ. ಗಜಕ್ಕೆ 6 ಡಾಲರ್ ಎಂದರೂ 2,700 ಡಾಲರ್ ಹೂಡಬೇಕು. ಗಜಕ್ಕೆ 12ರಂತೆ ಮಾರಿದರೆ, ಅರ್ಧ, ಅಂದರೆ 225 ಗಜ ಹೋದ ಮೇಲಷ್ಟೇ ಅಸಲು ಕೈಗೆ ಬರುತ್ತದೆ. ಬಾಡಿಗೆ, ಕರೆಂಟು, ಸಂಬಳ ಇನ್ನೂ ಬಾಕಿ. ಉಳಿದ ಅರ್ಧ ಮೂಲೆಯಲ್ಲಿ ಕೂತರೆ ಲಾಭ ಇಲ್ಲ. ಹೀಗೆ ಎಷ್ಟೋ ಸರಣಿಗಳನ್ನು ಅವಳು ಆರಿಸಬೇಕು.

ಈ ಅಪಾಯ ತಗ್ಗಿಸಲು ಬಂದದ್ದು 'ಪ್ರೀಕಟ್'. ಒಂದು ಸರಣಿಯ ಎಲ್ಲ ಬಟ್ಟೆಯಿಂದ ಎರಡೂವರೆ ಇಂಚಿನ ಪಟ್ಟಿಗಳನ್ನು ಕತ್ತರಿಸಿ ಸುರುಳಿ ಸುತ್ತಿದರೆ ಅದು 'ಜೆಲ್ಲಿ ರೋಲ್'. ಐದು ಇಂಚಿನ ಚೌಕಗಳ ಕಟ್ಟು 'ಚಾರ್ಮ್ ಪ್ಯಾಕ್'. ಥಾನು ಕೊಳ್ಳದೆಯೂ ಇಡೀ ಸರಣಿ ಅಂಗಡಿಯಲ್ಲಿಡಬಹುದು. ಅಜ್ಜಿಯ ಕಾಲದಲ್ಲಿ ಹಳೇ ಬಟ್ಟೆ ಚಿಂದಿಯಾಗುತ್ತಿತ್ತು. ಈಗ ಹೊಸ ಬಟ್ಟೆಯನ್ನೇ ಚಿಂದಿ ಮಾಡಿ, ಚೆಂದದ ಕಟ್ಟು ಕಟ್ಟಿ, ಹೆಚ್ಚು ಬೆಲೆಗೆ ಮಾರುತ್ತಾರೆ.

ಹೊಲಿದವರಿಗೆ ಏನು ಸಿಕ್ಕಿತು?

ಈ ಸಂತೆಯಲ್ಲಿ ಮುಖ್ಯವಾಗಿ ಮಾರಾಟವಾಗುವುದು ಬಟ್ಟೆ, ದಾರ, ಕಟ್ಟರ್, ಮಾದರಿ ಪುಸ್ತಕ, ಯಂತ್ರ. ಹೊಲಿದು ಮುಗಿಸಿದ ಕ್ವಿಲ್ಟ್ ಗೋಡೆ ಮೇಲೆ ಗಿರಾಕಿಯನ್ನು ಸೆಳೆಯಲು ಇರುತ್ತದೆ. ದುಡ್ಡು ಹರಿಯುವುದು ಹೊಲಿಯುವವಳ ಕೈಯಿಂದ ಬಟ್ಟೆ ಮಾರುವವರ ಕಡೆಗೆ. ತಿಂಗಳುಗಟ್ಟಲೆ ಕೂತು ಹೊಲಿದ ಹೊದಿಕೆಗೆ ಕೂಲಿ ಲೆಕ್ಕ ಹಾಕಿದರೆ ಕೊಳ್ಳುವವರು ಸಿಗುವುದು ಕಷ್ಟ.

1990ರ ದಶಕದ ಆರಂಭದಲ್ಲಿ ಇದು ಬಯಲಾಯಿತು. ಅಮೆರಿಕದ ರಾಷ್ಟ್ರೀಯ ಸಂಗ್ರಹಾಲಯವಾದ ಸ್ಮಿತ್ಸೋನಿಯನ್ ತನ್ನಲ್ಲಿದ್ದ ಹಳೇ ಕ್ವಿಲ್ಟ್‌ಗಳ ನಕಲು ಮಾಡಲು ಒಂದು ಕಂಪನಿಗೆ ಅನುಮತಿ ಕೊಟ್ಟಿತು. ನಕಲುಗಳು ಚೀನಾದಲ್ಲಿ ತಯಾರಾಗಿ, ಅಗ್ಗದ ಬೆಲೆಗೆ ಕ್ಯಾಟಲಾಗ್ ಮೂಲಕ ಬಂದವು. ನಮ್ಮ ಅಜ್ಜಿಯರ ಕೆಲಸವನ್ನು ನಮ್ಮದೇ ಸಂಸ್ಥೆ ಹೀಗೆ ಮಾರುವುದೇ ಎಂದು ಹೊಲಿಯುವವರು ಸಿಡಿದೆದ್ದರು. ಸಾವಿರಾರು ಸಹಿಗಳ ಮನವಿಗಳು ಹೋದವು.

ಇನ್ನೊಂದು ಕಥೆ ಅಲಬಾಮ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯದು. ಅಲ್ಲಿನವರು ಹತ್ತಿ ತೋಟದ ಗುಲಾಮರಾಗಿದ್ದ ಕಪ್ಪು ಜನರ ವಂಶದವರು. ಹಳೇ ಕೆಲಸದ ಬಟ್ಟೆಗಳಿಂದ ಹೆಂಗಸರು ಕ್ವಿಲ್ಟ್ ಹೊಲಿಯುತ್ತಿದ್ದರು. ಮತದಾನದ ಹಕ್ಕಿನ ಹೋರಾಟದ ಕಾಲದಲ್ಲಿ, 1966ರಲ್ಲಿ, ಆ ಭಾಗದ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದರು. 2002ರಲ್ಲಿ ಜೀಸ್ ಬೆಂಡ್ ಕ್ವಿಲ್ಟ್‌ಗಳ ದೊಡ್ಡ ಪ್ರದರ್ಶನ ಶುರುವಾದದ್ದು ಅದೇ ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿ. 2006ರಲ್ಲಿ ಅಂಚೆ ಚೀಟಿಗಳೂ ಬಂದವು. ಹೆಸರು ಬಂತು. ಆದರೆ 2007ರಲ್ಲಿ ಕೆಲವು ಹೆಂಗಸರು ತಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲ ಎಂದು ಕೋರ್ಟಿಗೆ ಹೋದರು. ಮರುವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು.

ದೊಡ್ಡ ಅಂಗಡಿಗಳೂ ಉಳಿಯಲಿಲ್ಲ. 1943ರಲ್ಲಿ ಶುರುವಾಗಿ ದೇಶದ ತುಂಬ ಸುಮಾರು 800 ಮಳಿಗೆ ಹೊಂದಿದ್ದ ಜೋಆನ್ ಎಂಬ ಬಟ್ಟೆ ಕಂಪನಿ 2024ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ದಿವಾಳಿ ಅರ್ಜಿ ಹಾಕಿ, ಕೊನೆಗೆ ಎಲ್ಲ ಬಾಗಿಲೂ ಮುಚ್ಚಿತು. ಎಷ್ಟೋ ಊರುಗಳಲ್ಲಿ ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳುವ ಜಾಗವೇ ಕಡಿಮೆಯಾಯಿತು. ಅದಕ್ಕೇ ಹ್ಯೂಸ್ಟನ್‌ಗೆ ಹೋಗಿ ಬರುವ ಸಣ್ಣ ಅಂಗಡಿಯವಳ ಆಯ್ಕೆ ಅವಳೊಬ್ಬಳ ಲಾಭ ನಷ್ಟದ ಮಾತಲ್ಲ. ಆ ಊರಿನ ಹೆಂಗಸರು ಸೇರಿ ಹೊಲಿಯುವ, ಕಲಿಯುವ ಜಾಗ ಉಳಿಯುತ್ತದೋ ಇಲ್ಲವೋ ಎಂಬುದೂ ಅದರಲ್ಲಿದೆ.

ನಮ್ಮ ಕವಂದಿ ಅಲ್ಲಿ ಪಾಠವಾದಾಗ

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂಬ ಹೆಸರಿದೆ. ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬಂದು ನಡುವೆ ಮುಗಿಸುವುದು ಅದರ ರೀತಿ. ನಾಲ್ಕು ಮೂಲೆಗೆ ಮಡಿಸಿದ ತುಂಡುಗಳ 'ಫುಲ' ಇಡದಿದ್ದರೆ ಅದು ಪೂರ್ತಿಯಾಗುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಅಧ್ಯಯನ ಮಾಡಿದರು. ಸಿದ್ದಿ ಹೆಂಗಸರ ಕ್ವಿಲ್ಟ್ ಸಹಕಾರ ಗುಂಪಿಗೂ ನೆರವಾದರು. ಕವಂದಿಗಳು ಅಮೆರಿಕದಲ್ಲಿ ಪ್ರದರ್ಶನವಾದವು. ಈಗ ಅಲ್ಲಿನ ಹೊಲಿಗೆ ತರಗತಿಗಳಲ್ಲಿ 'ಕವಂದಿ' ಎಂಬ ಹೆಸರಲ್ಲೇ ಆ ರೀತಿಯನ್ನು ಶುಲ್ಕ ಪಡೆದು ಕಲಿಸುತ್ತಾರೆ.

ಹೆಸರು ಅಷ್ಟು ದೂರ ಹೋದದ್ದು ಸಂತೋಷವೇ. ಆದರೆ ಅಮೆರಿಕದ ಕಥೆ ನೋಡಿದ ಮೇಲೆ ಒಂದು ಮಾತು ನೆನಪಿಡಬೇಕು. ಕೈಕೆಲಸಕ್ಕೆ ಹೆಸರು ಬಂದ ಕೂಡಲೇ ಕೈಗೆ ದುಡ್ಡು ಬರುವುದಿಲ್ಲ. ಬಟ್ಟೆ ಮಾರಿದವರು, ಕಟ್ಟರ್ ಮಾರಿದವರು, ಪಾಠ ಮಾರಿದವರು, ಸಂತೆ ಕಟ್ಟಿದವರು ಗಳಿಸಿದರು. ಹೊಲಿದವರು ಗಳಿಸಿದ್ದು ಸಂಘ ಕಟ್ಟಿ, ಜಗಳ ಆಡಿ ತಮ್ಮ ಪಾಲು ಕೇಳಿದಾಗ.

ನಿಮ್ಮೂರಿನಲ್ಲಿ ಕೌದಿ ಹೊಲಿಯುವವರು ಇದ್ದರೆ, ಮಾರಲು ಹೊರಟಿದ್ದರೆ, ಮೊದಲು ಒಂದು ಕೆಲಸ ಮಾಡಿ. ಒಂದು ಕೌದಿಗೆ ಎಷ್ಟು ದಿನ ಹಿಡಿಯಿತು ಎಂದು ಬರೆದಿಡಿ. ದಿನದ ಕೂಲಿ ಲೆಕ್ಕ ಹಾಕಿ. ಬೆಲೆಯ ಮಾತು ಆ ಚೀಟಿಯಿಂದ ಶುರುವಾಗಲಿ.